ಆರೋಗ್ಯದ ಹೆಸರಿನಲ್ಲಿ ವಂಚನೆ: ಹಿರಿಯ ನಾಗರಿಕರಿಗೆ ನೆರವಿನ ಮಾರ್ಗಗಳು

ಊರಿನಲ್ಲಿ ನಿವೃತ್ತರಾಗಿ, ಮಕ್ಕಳ ಉದ್ಯೋಗದ ನಿಮಿತ್ತ ಮುಂಬಯಿ, ಪುಣೆ, ಹೈದರಾಬಾದ್ ಅಥವಾ ದೆಹಲಿಗೆ ಬಂದು ನೆಲೆಸುವ ಕನ್ನಡಿಗ ವೃದ್ಧರ ಸ್ಥಿತಿ ಸ್ವಲ್ಪ ಬೇರೆಯೇ. ಧಾರವಾಡದಲ್ಲೋ ಉಡುಪಿಯಲ್ಲೋ ಇದ್ದಾಗ ಅವರಿಗೆ ವೈದ್ಯರು ಪರಿಚಿತರು, ಔಷಧದ ಅಂಗಡಿಯವರು ಪರಿಚಿತರು, ಬ್ಯಾಂಕಿನ ಗುಮಾಸ್ತರೂ ಪರಿಚಿತರು. ಹೊಸ ನಗರದಲ್ಲಿ ಇವರಾರೂ ಇಲ್ಲ. ಹಗಲೆಲ್ಲ ಮಗ, ಸೊಸೆ ಕಚೇರಿಯಲ್ಲಿ. ಮನೆಗೆ ಬರುವ ಕಾಗದಪತ್ರಗಳು ತಿಳಿಯದ ಭಾಷೆಯಲ್ಲಿ. ಇಂತಹ ಸಂದರ್ಭದಲ್ಲಿ ಯಾರಾದರೂ ಆದರದಿಂದ ಮಾತನಾಡಿಸಿದರೆ, ಅದರಲ್ಲಿಯೂ ಮಂಡಿನೋವಿನ ಬಗ್ಗೆ ವಿಚಾರಿಸಿದರೆ, ನಂಬಿಕೆ ಬೇಗನೆ ಹುಟ್ಟುತ್ತದೆ.

ಮಂಡಿನೋವಿನ ಹೆಸರಿನಲ್ಲಿ ನಡೆಯುವ ಒಂದು ಮೋಸವು ಮುಂಬಯಿ, ಬೆಂಗಳೂರು ಮುಂತಾದ ನಗರಗಳ ಪೊಲೀಸರಿಗೆ ಚಿರಪರಿಚಿತವಾಗಿದೆ. ಉದ್ಯಾನದಲ್ಲಿ, ಅಂಗಡಿಯಲ್ಲಿ ಅಥವಾ ಆಸ್ಪತ್ರೆಯ ಬಾಗಿಲಿನಲ್ಲಿಯೇ ಸಭ್ಯ ಉಡುಪಿನ ಅಪರಿಚಿತನೊಬ್ಬನು ಕುಂಟುತ್ತ ನಡೆಯುವ ವೃದ್ಧರನ್ನು ಮಾತನಾಡಿಸುತ್ತಾನೆ. ತನ್ನ ತಾಯಿಗೂ ಇದೇ ವ್ಯಥೆಯಿತ್ತೆಂದೂ ಒಬ್ಬ ವೈದ್ಯರು ಗುಣಪಡಿಸಿದರೆಂದೂ ಹೇಳುತ್ತಾನೆ. ಒಂದೆರಡು ದಿನಗಳಲ್ಲಿ ಆ ‘ವೈದ್ಯ’ ಮನೆಗೇ ಬರುತ್ತಾನೆ. ಚರ್ಮವನ್ನು ಗೀರಿ, ಕೊಳವೆಯನ್ನಿಟ್ಟು ಹೀರಿ, ಹಳದಿ ದ್ರವವನ್ನು ತೋರಿಸಿ ಇದೇ ಕೀವು ಎನ್ನುತ್ತಾನೆ. ಹನಿಗೊಂದು ದರ. ಸಾವಿರಗಳಲ್ಲಿ ಮುಗಿಯುವುದೆಂದುಕೊಂಡ ಚಿಕಿತ್ಸೆ ಎಣಿಕೆ ನಿಲ್ಲುವ ವೇಳೆಗೆ ಲಕ್ಷಗಳನ್ನು ಮುಟ್ಟಿರುತ್ತದೆ. ವಯಸ್ಸಿನಿಂದ ಬರುವ ಸಂಧಿವಾತದಲ್ಲಿ ಸವೆಯುವುದು ಮೂಳೆಗಳ ನಡುವಿನ ಮೃದ್ವಸ್ಥಿ. ಹೀರಿ ತೆಗೆಯಲು ಅಲ್ಲಿ ಕೀವು ಇರುವುದಿಲ್ಲ. ಕೀಲಿನಲ್ಲಿ ನಿಜವಾಗಿಯೂ ಕೀವು ತುಂಬಿದ್ದರೆ ಅದು ಆಸ್ಪತ್ರೆಯಲ್ಲಿ ತುರ್ತಾಗಿ ನೋಡಬೇಕಾದ ಕಾಯಿಲೆ, ಮನೆಯ ಪಡಸಾಲೆಯಲ್ಲಿ ಮಾಡುವ ಕೆಲಸವಲ್ಲ.

ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಕಣ್ಣಿನ ಪೊರೆ ಮುಂತಾದವನ್ನು ಔಷಧದಿಂದ ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮವು ನಿಷೇಧಿಸಿದೆ. ಹೀಗಿದ್ದರೂ ಅಂತಹ ಜಾಹೀರಾತುಗಳು ನಿಂತಿಲ್ಲವೆಂಬುದು ವಿಷಾದದ ಸಂಗತಿ. ನೋಂದಾಯಿತ ವೈದ್ಯರ ಔಷಧ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಕೇಳಿ ನೋಡುವುದರಲ್ಲಿ ಅವಿನಯವೇನೂ ಇಲ್ಲ.

ದೂರವಾಣಿಯ ಮೂಲಕ ನಡೆಯುವ ವಂಚನೆಯ ಬಗೆ ಬೇರೆ. ಅಂತರಜಾಲದಲ್ಲಿ ಆಸ್ಪತ್ರೆಯ ಸಂಖ್ಯೆಯನ್ನು ಹುಡುಕಿದವರಿಗೆ ಕೆಲವೊಮ್ಮೆ ವಂಚಕರೇ ಹಾಕಿಟ್ಟ ಸಂಖ್ಯೆ ದೊರೆಯುತ್ತದೆ. ವೈದ್ಯರ ಭೇಟಿಯನ್ನು ಕಾದಿರಿಸಲು ಕೇವಲ 10 ರೂಪಾಯಿ ಕಳುಹಿಸಿರೆಂದು ಹೇಳಿ, ಅದಕ್ಕಾಗಿ ಒಂದು ಕೊಂಡಿಯನ್ನು ಒತ್ತಿಸುತ್ತಾರೆ ಅಥವಾ ಒಂದು ಆ್ಯಪನ್ನು ಹಾಕಿಸುತ್ತಾರೆ. ಅದರೊಂದಿಗೆ ಮೊಬೈಲಿನ ಹತೋಟಿ ಅವರ ಕೈ ಸೇರುತ್ತದೆ. ಆದ್ದರಿಂದ ಆಸ್ಪತ್ರೆಯ ಸಂಖ್ಯೆಯನ್ನು ಅದರ ಹಳೆಯ ರಸೀದಿಯಿಂದಲೇ ತೆಗೆದುಕೊಳ್ಳುವುದು ಲೇಸು.

ಸರ್ಕಾರದ ಯೋಜನೆಗಳ ಹೆಸರೂ ದುರುಪಯೋಗವಾಗುತ್ತಿದೆ. 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯನ್ನು 70 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಲಾಯಿತು. ಕುಟುಂಬದ ಈ ವಯಸ್ಸಿನವರಿಗೆ ಒಟ್ಟಾಗಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ರಕ್ಷಣೆಯುಂಟು. ಸಿ.ಜಿ.ಎಚ್.ಎಸ್. ಸೌಲಭ್ಯವಿರುವ ಕೇಂದ್ರ ಸರ್ಕಾರದ ನಿವೃತ್ತರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ವಯಸ್ಸಿಗೆ ಆಧಾರ್ ಚೀಟಿಯೇ ಪ್ರಮಾಣ. ಕಾರ್ಡಿಗೆ ಶುಲ್ಕವಿಲ್ಲ, ಶುಲ್ಕ ಕೇಳುವವನು ಸರ್ಕಾರದ ಪರವಾಗಿ ಬಂದವನಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಕಾರ್ಡು ಮಾಡಿಸುವಾಗ ಮೊಬೈಲಿಗೆ ಒ.ಟಿ.ಪಿ. ಬರುವುದು ಸಹಜವೇ, ಆದರೆ ತಾವಾಗಿ ಹೋಗಿ, ಆಸ್ಪತ್ರೆಯ ಕೌಂಟರಿನಲ್ಲಿ ಎದುರಿಗೆ ಕುಳಿತು ಅದನ್ನು ನೀಡುವುದಕ್ಕೂ, ತಾನಾಗಿ ಕರೆ ಮಾಡಿದ ಅಪರಿಚಿತನಿಗೆ ಓದಿ ಹೇಳುವುದಕ್ಕೂ ಬಹಳ ಅಂತರವಿದೆ. ಯಾವ ಆಸ್ಪತ್ರೆ ಯೋಜನೆಗೆ ಸೇರಿದೆ, ಆಯಾ ರಾಜ್ಯದಲ್ಲಿ ವ್ಯವಸ್ಥೆ ಹೇಗಿದೆ ಎಂಬುದನ್ನು 14555 ಸಂಖ್ಯೆಯಲ್ಲಿ ವಿಚಾರಿಸಬಹುದು.

ಖಾಸಗಿ ವಿಮೆಯ ತಕರಾರುಗಳಿಗೆ ವಿಮಾ ಒಂಬುಡ್ಸ್‌ಮನ್ ಕಚೇರಿಗಳಿವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಈ ಐದೂ ನಗರಗಳಲ್ಲಿ ಅವು ಕೆಲಸ ಮಾಡುತ್ತಿವೆ. ಮೊದಲು ವಿಮಾ ಸಂಸ್ಥೆಗೇ ಲಿಖಿತ ದೂರು ಕೊಟ್ಟಿರಬೇಕು; ಒಂಬುಡ್ಸ್‌ಮನ್‌ರಲ್ಲಿ ದೂರಿಗೆ ಶುಲ್ಕವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು ಪಾಲಿಸಿಗಳನ್ನು ಮಾರುವುದಿಲ್ಲ, ಬೋನಸ್ಸನ್ನೂ ಹಂಚುವುದಿಲ್ಲ.

ಎಲ್ಲಿ ವಿಚಾರಿಸಬೇಕೆಂದೇ ತೋಚದಿದ್ದಾಗ 14567 ಸಂಖ್ಯೆಯ ‘ಎಲ್ಡರ್‌ಲೈನ್’ ಇದೆ. 2017ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಒಂದು ಪ್ರಯತ್ನವನ್ನು ಅನುಸರಿಸಿ 2021ರಲ್ಲಿ ಇದು ರಾಷ್ಟ್ರೀಯ ಸಹಾಯವಾಣಿಯಾಯಿತು. ಬೆಳಗಿನ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಪಿಂಚಣಿ, ಕಾನೂನು, ವೃದ್ಧಾಶ್ರಮಗಳ ಮಾಹಿತಿಯಷ್ಟೇ ಅಲ್ಲ, ಒಂಟಿತನದ ಮಾತನ್ನು ಕೇಳುವವರೂ ಇದ್ದಾರೆ. ಮಕ್ಕಳಿಂದಲೇ ಉಪೇಕ್ಷೆಗೆ ಒಳಗಾದವರು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಅಧಿನಿಯಮದಂತೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುವ ಬಗೆಯನ್ನೂ ಇಲ್ಲಿ ತಿಳಿಯಬಹುದು.

ಹಣ ಹೋದ ಮೇಲೆ ಅನೇಕ ವೃದ್ಧರು ಮೌನ ತಾಳುತ್ತಾರೆ. ಕಳೆದುಕೊಂಡ ದುಡ್ಡಿಗಿಂತ ಹೆಚ್ಚಾಗಿ ಅವರನ್ನು ಕಾಡುವುದು ಮನೆಯವರ ಮಾತು: “ಇಷ್ಟು ಓದಿಕೊಂಡವರು ನೀವು, ಹೀಗೇಕೆ ಮಾಡಿದಿರಿ?” ಮುಂದೆ ಮೊಬೈಲು, ಬ್ಯಾಂಕಿನ ಪುಸ್ತಕ ತಮ್ಮ ಕೈತಪ್ಪುವುದೆಂಬ ಭಯವೂ ಸೇರುತ್ತದೆ. ಈ ಮೌನದಿಂದ ಆಗುವ ನಷ್ಟ ಮೊದಲಿನದಕ್ಕಿಂತ ದೊಡ್ಡದಾಗಬಹುದು. ಒಡನೆಯೇ 1930ಕ್ಕೆ ಕರೆ ಮಾಡಿದರೆ, ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುವ ಮುನ್ನ ತಡೆಯಲು ಅವಕಾಶವಿರುತ್ತದೆ. ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ತಿಳಿಸಬೇಕು. ಗ್ರಾಹಕರ ಅಜಾಗ್ರತೆಯಿಂದಲೇ ಹಣ ಹೋಗಿದ್ದರೂ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿತು. ತಿಳಿಸಿದ ದಿನ, ವೇಳೆ ಮತ್ತು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಗದರಿಕೆಯನ್ನು ಸಂಜೆಗೆ ಮುಂದೂಡಿ, ಮೊದಲು ಈ ಎರಡು ಕರೆಗಳನ್ನು ಮಾಡಲು ಮಗನೋ ಮಗಳೋ ನೆರವಾಗುವುದು ಉಚಿತ. ಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ 1930, 14567 ಮತ್ತು 14555 ಈ ಮೂರು ಸಂಖ್ಯೆಗಳನ್ನೂ, ಯಾವುದು ಏತಕ್ಕೆಂಬುದನ್ನೂ ಕನ್ನಡದ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದರೆ, ಕನ್ನಡಕ ಸಿಗದ ಗಳಿಗೆಯಲ್ಲಿಯೂ ಓದಲು ಬರುತ್ತದೆ.