ಟ್ರಿಮ್ಮರ್ ತಪ್ಪೋ, ಹಿಡಿತದ ತಪ್ಪೋ?

ಗೆಂಡೆಹಳ್ಳಿಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದಾರೆ: ಅಮೆರಿಕದಲ್ಲಿರುವ ಮಗ ರೈಫಲ್ ತೋಟಾಗಳ ಖಾಲಿ ಕೇಸ್‌ಗಳನ್ನು ಮತ್ತೆ ತುಂಬುತ್ತಾನೆ, ಟ್ರಿಮ್ಮರ್ ಒಂದೊಂದನ್ನು ಒಂದೊಂದು ಉದ್ದಕ್ಕೆ ಕತ್ತರಿಸುತ್ತದೆ. ಊರಿನಲ್ಲೂ ಈ ಕೆಲಸ ಮಾಡಬಹುದೇ?

ಮಗ ಮೊದಲಿಗೇ ಬ್ಲೇಡನ್ನು ದೂರಬೇಕಿಲ್ಲ. ಗುಂಡು ಹಾರಿದಾಗ, ಆಮೇಲೆ ಕೇಸನ್ನು ಮತ್ತೆ ಅಳತೆಗೆ ತರುವ ಡೈಯಲ್ಲಿ ಒತ್ತಿದಾಗ ಅದರ ಹಿತ್ತಾಳೆ ಕತ್ತಿನ ಕಡೆಗೆ ಹಿಗ್ಗುತ್ತದೆ. ಆದ್ದರಿಂದ ಡೈ ಕೆಲಸ ಮುಗಿದ ಮೇಲೆಯೇ ಅಳೆದು ಕತ್ತರಿಸಬೇಕು. .308 ವಿಂಚೆಸ್ಟರ್ ಕೇಸಿನ ಗರಿಷ್ಠ ಉದ್ದ 51.18 ಮಿ.ಮೀ.; ಸಾಮಾನ್ಯವಾಗಿ 50.93ಕ್ಕೆ ಇಳಿಸುತ್ತಾರೆ. ಉದ್ದ ಮೀರಿದರೆ ಕೇಸಿನ ಬಾಯಿ ಗುಂಡನ್ನು ಬಿಗಿಹಿಡಿದು, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ತಪ್ಪು ಟ್ರಿಮ್ಮರಿನದೋ ಹಿಡಿತದ್ದೋ ಎಂದು ತಿಳಿಯುವ ಪರೀಕ್ಷೆ ಸುಲಭ. ಕತ್ತರಿಸಿದ ಕೇಸನ್ನೇ ಹೋಲ್ಡರಿನಿಂದ ಬಿಚ್ಚಿ, ಮತ್ತೆ ಕೂರಿಸಿ ತಿರುಗಿಸಬೇಕು. ಬ್ಲೇಡು ಮತ್ತೆ ಹಿತ್ತಾಳೆ ಕೆರೆದರೆ ದೋಷ ಹಿಡಿತದಲ್ಲಿದೆ: ಹೋಲ್ಡರಿನಲ್ಲಿ ಸಿಕ್ಕಿದ ಚೂರು, ಸಡಿಲ ಸ್ಕ್ರೂ ಅಥವಾ ಪ್ರತಿ ಸಲ ಬದಲಾಗುವ ಕೈಯೊತ್ತಡ.

ಊರಿನ ಪ್ರಶ್ನೆಗೆ ಉತ್ತರ ಒಂದೇ: ಬೇಡ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬೆಳೆ ಕಾಯುವ ಕೋವಿಯ ಲೈಸೆನ್ಸ್ ಇದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು. ತೋಟಾ ಬೇಕಿದ್ದರೆ ಲೈಸೆನ್ಸ್ ತೋರಿಸಿ, ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಬೇಕು.