ಹಳೆಯ ತೊಲೆಯಿಂದ ಹೊಸ ಮೇಜು

ಹಳೆಯ ತೊಟ್ಟಿಮನೆಗಳನ್ನು ಕೆಡವಿದಾಗ ದೊರೆಯುವ ತೇಗದ ತೊಲೆ, ಜಂತೆಗಳಿಂದ ಮೇಜು ಕುರ್ಚಿಗಳನ್ನು ಮಾಡುವುದುಂಟು. ಮೊದಲು ಅಯಸ್ಕಾಂತವನ್ನು ಆಡಿಸಿ, ಹುದುಗಿರುವ ಮೊಳೆಗಳನ್ನು ಕೀಳಬೇಕು. ಇಲ್ಲವಾದರೆ ಗರಗಸದ ಹಲ್ಲು ಮುರಿದೀತು. ಬಳಿಕ ಹೊಗೆ ಹಿಡಿದ ಮೈಯನ್ನು ಉಜ್ಜುಗೊರಡಿನಿಂದ ಹೆರೆದರೆ ಒಳಗಿನ ಹೊಂಬಣ್ಣದ ಚೇಗು ಕಾಣುವುದು.

ನೂರು ವರ್ಷ ಒಣಗಿದ ಮರವು ಇನ್ನು ಅಲುಗದೆಂಬುದು ತಪ್ಪು ತಿಳಿವಳಿಕೆ. ನಾನೂ ಹಾಗೆಯೇ ನಂಬಿ, ಮಳೆಗಾಲದಲ್ಲಿ ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಮೊಳೆ ಹೊಡೆದು ಕೂಡಿಸಿದೆನು. ಬೇಸಿಗೆಯಲ್ಲಿ ಅದು ಉದ್ದಕ್ಕೂ ಸೀಳಿತು! ಮರವು ಎಷ್ಟೇ ಹಳೆಯದಾದರೂ ಅದರ ನಾರು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಈ ಹಿಗ್ಗು ಕುಗ್ಗುಗಳು ನಾರಿನ ಉದ್ದಕ್ಕೆ ಇಲ್ಲವೆನ್ನುವಷ್ಟು ಅಲ್ಪ. ಅಡ್ಡಕ್ಕೆ ಮಾತ್ರ ಗಣನೀಯ. ಆದುದರಿಂದ ಕೊಯ್ದ ಹಲಗೆಗಳನ್ನು ನಡುನಡುವೆ ಪಟ್ಟಿಗಳನ್ನಿಟ್ಟು ಕೆಲವು ವಾರ ನೆರಳಿನಲ್ಲಿ ಒಟ್ಟಿಡಬೇಕು. ಚೌಕಟ್ಟಿನ ಮೂಲೆಗಳಲ್ಲಿ ಒಂದು ತುಂಡಿನ ನಾಲಗೆಯನ್ನು ಇನ್ನೊಂದರ ಗುಳಿಗೆ ಬಿಗಿಯಾಗಿ ಬೆಸೆಯಬಹುದು. ನಡುವಣ ಹಲಗೆಯನ್ನಾದರೋ ಅಂಟು ಸೋಕಿಸದೆ, ಚೌಕಟ್ಟಿನ ಒಳ ಅಂಚಿನಲ್ಲಿ ಕೊರೆದ ಸಂದಿಯೊಳಗೆ ಸಡಿಲವಾಗಿ ಕೂರಿಸಬೇಕು. ನಮ್ಮ ಹಳೆಯ ಬಾಗಿಲುಗಳಲ್ಲಿ ಆಚಾರಿಗಳು ಮಾಡಿರುವುದೂ ಇದನ್ನೇ.

ಸೀಳಿದ ಮೇಜನ್ನು ಹೀಗೆಯೇ ಮತ್ತೆ ಕಟ್ಟಿದೆನು. ಅದರ ಹಲಗೆಯ ಅಂಚಿನಲ್ಲಿ ಮೆರುಗೆಣ್ಣೆ ತಾಗದ ತೆಳು ಗೆರೆಯೊಂದು ಬೇಸಿಗೆಯಲ್ಲಿ ಇಣುಕಿ, ಮಳೆ ಹಿಡಿದೊಡನೆ ಮರೆಯಾಗುತ್ತದೆ.