ಮೋಡ ಮುಸುಕಿದಾಗ ವಿಮಾನಚಾಲಕರ ಕಣ್ಣು

ಮಾಗಿಯ ಬೆಳಗಿನಲ್ಲಿ ಸಾಲಗಾಮೆಯಿಂದ ಹಾಸನಕ್ಕೆ ಹೊರಟ ಬಸ್ಸು, ಮಂಜು ದಟ್ಟವಾದರೆ ರಸ್ತೆಯ ಬದಿಯಲ್ಲಿ ನಿಲ್ಲಬಲ್ಲುದು. ಆಕಾಶದಲ್ಲಿ ವಿಮಾನವು ಹಾಗೆ ನಿಲ್ಲಲಾರದು. ಆದಕಾರಣ, ಎಷ್ಟು ದೂರ ಕಾಣುತ್ತಿದ್ದರೆ ಹಾರಬಹುದೆಂಬುದನ್ನು ನಿಯಮವು ಮೊದಲೇ ಗೊತ್ತುಮಾಡಿದೆ. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ವಿಮಾನ ನಡೆಸುವ ಕ್ರಮಗಳು ಎರಡು: ಉಪಕರಣಗಳನ್ನು ನಂಬಿ ಹಾರುವುದು ಒಂದು, ಕಣ್ಣನ್ನು ನಂಬಿ ಹಾರುವುದು ಮತ್ತೊಂದು. ದೊಡ್ಡ ವಿಮಾನ ನಿಲ್ದಾಣಗಳ ಸುತ್ತಣ ನಿಯಂತ್ರಿತ ಆಕಾಶದಲ್ಲಿ, ಕಣ್ಣನ್ನು ನಂಬಿದವರೂ ನಿಯಂತ್ರಣ ಗೋಪುರದ ಮಾತಿಗೆ ಒಳಪಟ್ಟವರೇ. ಅಂತಾರಾಷ್ಟ್ರೀಯ ನಿಯಮದಂತೆ, 10,000 ಅಡಿಗಿಂತ ಕೆಳಗೆ ಅವರಿಗೆ 5 ಕಿಲೋಮೀಟರ್ ದೂರವಾದರೂ ಕಾಣಬೇಕು. ಮೋಡದಿಂದ ಪಕ್ಕಕ್ಕೆ 1,500 ಮೀಟರ್, ಮೇಲಕ್ಕೂ ಕೆಳಕ್ಕೂ 300 ಮೀಟರ್ ಅಂತರವಿರಬೇಕು.

ಈ ಅಂಕೆಗಳ ಅರ್ಥವನ್ನು ಲೆಕ್ಕದಿಂದ ತಿಳಿಯೋಣ. ಗಂಟೆಗೆ 180 ಕಿಲೋಮೀಟರ್ ವೇಗದ ಚಿಕ್ಕ ವಿಮಾನವು ನಿಮಿಷಕ್ಕೆ 3 ಕಿಲೋಮೀಟರ್ ಸಾಗುವುದು. 5 ಕಿಲೋಮೀಟರ್ ಕಂಡರೆ ಚಾಲಕರಿಗೆ 100 ಸೆಕೆಂಡುಗಳ ಅವಕಾಶ. ಎದುರಿನಿಂದ ಅದೇ ವೇಗದಲ್ಲಿ ಇನ್ನೊಂದು ವಿಮಾನ ಬಂದರೆ 50 ಮಾತ್ರ.

ಹವೆಯು ಇದಕ್ಕಿಂತ ಕೆಟ್ಟಾಗ, ನಿಲ್ದಾಣದ ನಿಯಂತ್ರಣ ವಲಯದೊಳಗೆ ಗೋಪುರದಿಂದ ವಿಶೇಷ ಅನುಮತಿಯನ್ನು ಬೇಡಬಹುದು. ಅದಕ್ಕೂ 1,500 ಮೀಟರ್ ಕಾಣಬೇಕು, ಮೋಡವನ್ನು ಹೊಗಕೂಡದು, ನೆಲವು ಕಣ್ಣಿಗೆ ತಪ್ಪಕೂಡದು. ಮೇಲಿನ ವೇಗದಲ್ಲಿ ಇದು 30 ಸೆಕೆಂಡುಗಳ ದಾರಿ. ಉಪಕರಣಗಳಿಂದ ಹಾರುವ ವಿಮಾನಗಳನ್ನು ಗೋಪುರದವರು ದೂರವಿರಿಸುವರು. ಆದರೆ ಗುಡ್ಡವನ್ನಾಗಲಿ, ಕವಿಯುತ್ತಿರುವ ಮಂಜನ್ನಾಗಲಿ ಅವರು ಸರಿಸಲಾರರು. ಅನುಮತಿಯೆಂಬುದು ಹೋಗಲೇಬೇಕೆಂಬ ಆಜ್ಞೆಯಲ್ಲ.

ಮೋಡವನ್ನು ಹೊಕ್ಕೊಡನೆ ದಿಗಂತವು ಮರೆಯಾಗುವುದು. ವಿಮಾನವು ಒಂದೇ ಸಮನೆ ವಾಲಿ ತಿರುಗುತ್ತಿದ್ದರೂ, ನಮ್ಮ ಒಳಗಿವಿಯು ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ನೇರವೆಂದು ಭ್ರಮಿಸುವುದು. ಉಪಕರಣಗಳ ಅಭ್ಯಾಸವಿಲ್ಲದವರು ಇದರಿಂದಲೇ ಪ್ರಾಣ ಕಳೆದುಕೊಂಡಿದ್ದಾರೆ. ಕಾಣುತ್ತಿರುವಾಗಲೇ ಹಿಂದಿರುಗುವುದು ಜಾಣತನ.

ಈ ವಿದ್ಯೆಯು ನಮ್ಮ ಹೆಣ್ಣುಮಕ್ಕಳಿಗೆ ಹೊರತಾದುದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿಯೇ ಉಷಾ ಸುಂದರಂ ಅವರು ತೇರ್ಗಡೆಯಾದರು. 2008ರಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನ ನಿಲ್ದಾಣದಲ್ಲಿ, ಚಳಿಗಾಲದ ಮಂಜಿನಿಂದ ದೊಡ್ಡ ವಿಮಾನಗಳೂ ಕಾಯಬೇಕಾಗುವುದುಂಟು.

ಪೋಷಕರೇ, ನಿಮ್ಮ ಮಗಳು ಮುಂದೊಂದು ದಿನ ವಿಮಾನಚಾಲಕಿಯಾಗಿ, "ಇಂದು ಹವೆ ಸರಿಯಿಲ್ಲ, ನಾಳೆ ಬರುತ್ತೇನೆ" ಎಂದು ತಿಳಿಸಿದರೆ, ಅದನ್ನು ಅಳುಕೆಂದು ಎಣಿಸಬೇಡಿರಿ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯನ್ನು ನೆನೆದು, ಅವಳ ವಿವೇಕಕ್ಕಾಗಿ ಸಂತೋಷಪಡಿರಿ.